ಮರುಭೂಮಿಗೆ ಕಾರಿನಲ್ಲಿ ಹೊರಟರೆ ಏನೇನು ಕಟ್ಟಿಕೊಳ್ಳಬೇಕು? ಯಾವ ನಂಬಿಕೆಗಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕು?

ದೊಡ್ಡಬಳ್ಳಾಪುರದಿಂದ ಹೊರಟು ದಾಬಸ್‌ಪೇಟೆಯಲ್ಲಿ 48ನೇ ರಾಷ್ಟ್ರೀಯ ಹೆದ್ದಾರಿ ಸೇರಿದರೆ, ಅದೇ ರಸ್ತೆ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್ ದಾಟಿ ಅಹಮದಾಬಾದ್ ಮುಟ್ಟಿಸುತ್ತದೆ. ಅಲ್ಲಿಂದ ಬಾಡ್ಮೇರ್ ಕಡೆ ತಿರುಗಿಕೊಂಡರೆ ಥಾರ್ ಮರುಭೂಮಿ. ಜೈಸಲ್ಮೇರ್‌ಗೆ ಒಟ್ಟು ಸುಮಾರು 2,000 ಕಿಲೋಮೀಟರ್. ಸ್ನೇಹಿತರು ಸೇರಿ ಸ್ವಂತ ಕಾರಿನಲ್ಲಿ ಹೋಗಿ, ಮರಳ ದಿಬ್ಬದ ಪಕ್ಕ ಟೆಂಟ್ ಹಾಕಿ ಎರಡು ಮೂರು ರಾತ್ರಿ ಕಳೆದು ಬರುವುದು ಈಗ ಅಪರೂಪದ ಮಾತಲ್ಲ.

ಇಂಥ ಪ್ರವಾಸಕ್ಕೆ ಹೊರಡುವವರು ಟೆಂಟ್, ಕ್ಯಾಮೆರಾ, ಸ್ಪೀಕರ್ ಇವನ್ನೆಲ್ಲ ಮರೆಯುವುದಿಲ್ಲ. ಮರೆಯುವುದು ಒಂದು ಪ್ರಶ್ನೆಯನ್ನು: 'ಫೋನ್‌ಗೆ ಸಿಗ್ನಲ್ ಇಲ್ಲದ ಜಾಗದಲ್ಲಿ ಕಾರು ನಿಂತುಬಿಟ್ಟರೆ, ನಮ್ಮ ಹತ್ತಿರ ಇರುವ ವಸ್ತುಗಳಿಂದ ಒಂದು ಹಗಲು, ಒಂದು ರಾತ್ರಿ ಕಳೆಯಬಹುದೇ?'

ಇದು ಸುಮ್ಮನೆ ಹೆದರಿಸುವ ಪ್ರಶ್ನೆಯಲ್ಲ. 2024ರ ಆಗಸ್ಟ್‌ನಲ್ಲಿ ಸೌದಿ ಅರೇಬಿಯಾದ ರಬ್ ಅಲ್ ಖಾಲಿ ಮರುಭೂಮಿಯಲ್ಲಿ ತೆಲಂಗಾಣದ ಒಬ್ಬ ಯುವಕ ಮತ್ತು ಅವರ ಸಹೋದ್ಯೋಗಿ ದಾರಿ ತಪ್ಪಿ ತೀರಿಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಜಿಪಿಎಸ್ ಕೈಕೊಟ್ಟಿತು, ಫೋನಿನ ಬ್ಯಾಟರಿ ಮುಗಿಯಿತು, ಇಂಧನ ಮುಗಿಯಿತು, ಕುಡಿಯಲು ನೀರಿರಲಿಲ್ಲ ಎಂದು ವರದಿಯಾಗಿತ್ತು. ಈ ನಾಲ್ಕರಲ್ಲಿ ಒಂದೊಂದೇ ಆಗಿದ್ದರೆ ಅದು ತೊಂದರೆ ಮಾತ್ರ. ನಾಲ್ಕೂ ಒಟ್ಟಿಗೆ ಬಂದದ್ದರಿಂದ ಜೀವ ಹೋಯಿತು. ಮರುಭೂಮಿಗೆ ಸಾಮಾನು ಕಟ್ಟುವುದೆಂದರೆ, ಈ ನಾಲ್ಕೂ ಒಟ್ಟಿಗೆ ಬಾರದಂತೆ ನೋಡಿಕೊಳ್ಳುವುದು. ಈ ಲೇಖನದಲ್ಲಿ ಆ ಪಟ್ಟಿಯನ್ನು ಒಂದೊಂದಾಗಿ, ಕಾರಣ ಸಮೇತ ನೋಡೋಣ. ಜೊತೆಗೆ ಬಿಸಿಲು, ನೀರು, ಟೈರು, ಹಾವುಗಳ ಬಗ್ಗೆ ನಮ್ಮಲ್ಲಿ ಹರಡಿರುವ ಕೆಲವು ನಂಬಿಕೆಗಳನ್ನೂ ಪರೀಕ್ಷಿಸೋಣ.

ಮರುಭೂಮಿ ಎಂದರೆ ಮರಳೇ?

ಮರಳು ಇದ್ದಲ್ಲೆಲ್ಲ ಮರುಭೂಮಿ ಎಂದುಕೊಳ್ಳುತ್ತೇವೆ. ತಲಕಾಡಿನಲ್ಲಿ ಮರಳಿನ ದಿಬ್ಬಗಳಿವೆ, ಆದರೆ ಅದು ಕಾವೇರಿಯ ಮರಳು, ಗಾಳಿಗೆ ಬಂದು ಸೇರಿದ್ದು. ನಾಲ್ಕು ಹೆಜ್ಜೆ ನಡೆದರೆ ಹೊಳೆ. ಮರುಭೂಮಿಯನ್ನು ಗುರುತಿಸುವುದು ಮರಳಿನಿಂದಲ್ಲ, ಮಳೆಯಿಂದ. ಸಾಮಾನ್ಯವಾಗಿ ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿ ಎನ್ನುತ್ತಾರೆ. ಜೈಸಲ್ಮೇರ್ ಸುತ್ತ ಬೀಳುವುದು ಸುಮಾರು 200 ಮಿಲಿಮೀಟರ್. ಬಯಲುಸೀಮೆಯ ನಮ್ಮ ದೊಡ್ಡಬಳ್ಳಾಪುರದಲ್ಲೂ ವರ್ಷವಿಡೀ ಹರಿಯುವ ನದಿಯಿಲ್ಲ, ಕೊಳವೆಬಾವಿ ಎಷ್ಟು ಆಳ ಕೊರೆದರೂ ನೀರು ಸಿಗುವ ಖಾತ್ರಿಯಿಲ್ಲ. ಆದರೂ ಇಲ್ಲಿ ಬೀಳುವ ಮಳೆಯ ಮುಂದೆ ಅಲ್ಲಿಯದು ಬಹಳ ಕಡಿಮೆ.

ಮಳೆ ಕಡಿಮೆ ಎಂದರೆ ಗಾಳಿಯಲ್ಲಿ ತೇವ ಕಡಿಮೆ. ಮುಂದೆ ಹೇಳುವ ಬಹುಪಾಲು ವಿಷಯ ಈ ಒಣ ಗಾಳಿಯಿಂದಲೇ ಹುಟ್ಟುತ್ತದೆ. ಒಣ ಗಾಳಿ ಬೆವರನ್ನು ಕಾಣದಂತೆ ಕುಡಿಯುತ್ತದೆ, ಹಗಲನ್ನು ಕಾಯಿಸುತ್ತದೆ, ರಾತ್ರಿಯನ್ನು ಕೊರೆಯುವಂತೆ ಮಾಡುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿವರೆಗೆ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ಬೇಸಿಗೆಯಲ್ಲಿ ಟೆಂಟ್ ಹಾಕಿಕೊಂಡು ಇರಲು ಯಾವ ಸಾಮಾನೂ ಸಾಲದು. ಹಾಗಾಗಿ ಈ ಪಟ್ಟಿ ಚಳಿಗಾಲದ ಪ್ರವಾಸಕ್ಕೆ ಮಾತ್ರ.

ಮಳೆಗಾಲವೂ ಬೇಡ. 2006ರ ಆಗಸ್ಟ್‌ನಲ್ಲಿ ಬಾಡ್ಮೇರ್ ಜಿಲ್ಲೆಯಲ್ಲಿ ಕೆಲವೇ ದಿನಗಳಲ್ಲಿ ಭಾರಿ ಮಳೆ ಸುರಿದು ಕವಾಸ್ ಎಂಬ ಊರು ಮುಳುಗಿತು. ಆ ಪ್ರವಾಹದಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ನೆಲದಡಿಯ ಜಿಪ್ಸಂ ಪದರ ನೀರನ್ನು ಇಂಗಲು ಬಿಡದೆ ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿತ್ತು. ಮರುಭೂಮಿಯಲ್ಲಿ ಪ್ರವಾಹವೇ ಎಂದು ನಗುವಂತಿಲ್ಲ. ಯಾವ ಕಾಲದಲ್ಲಿ ಹೋದರೂ ಒಣಗಿದ ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಬಾರದು.

ನೀರು ಎಷ್ಟು ಬೇಕು?

ನಮ್ಮ ಮೈ ತಣ್ಣಗಾಗುವುದು ಬೆವರು ಆವಿಯಾಗುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ತೆಗೆದುಕೊಂಡು ಹೋಗುತ್ತದೆ. ಮಂಗಳೂರಿನಂಥ ಕಡೆ ಅಂಗಿ ಒದ್ದೆಯಾಗುವುದರಿಂದ ಬೆವರುತ್ತಿದ್ದೇವೆ ಎಂದು ಗೊತ್ತಾಗುತ್ತದೆ. ಮರುಭೂಮಿಯಲ್ಲಿ ಬೆವರು ಹೊರಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒಣಗಿರುತ್ತದೆ, ಮೈ ಮಾತ್ರ ನೀರು ಕಳೆದುಕೊಳ್ಳುತ್ತಿರುತ್ತದೆ. 60 ಕಿಲೋ ತೂಕದವರು ಒಂದೂಕಾಲು ಲೀಟರ್ ನೀರು ಕಳೆದುಕೊಂಡರೆ ಸಾಕು, ಸುಸ್ತು, ತಲೆನೋವು ಶುರುವಾಗಿ ಗಮನ ಚದುರುತ್ತದೆ. ಕಾರು ಓಡಿಸುವವರಿಗೆ ಇದು ಅಪಾಯ.

ಲೆಕ್ಕ ಹೀಗೆ ಹಾಕಿಕೊಳ್ಳಿ. ಕುಡಿಯಲು ಒಬ್ಬರಿಗೆ ದಿನಕ್ಕೆ 5 ಲೀಟರ್, ಅಡುಗೆ ಮತ್ತು ಕೈ-ಬಾಯಿ ತೊಳೆಯಲು 2 ಲೀಟರ್, ಒಟ್ಟು 7. ನಾಲ್ವರಿಗೆ ಮೂರು ದಿನಕ್ಕೆ 84 ಲೀಟರ್. ಅದರ ಮೇಲೆ, ಕಾರು ನಿಂತುಹೋದರೆ ಎಂದು ಇಡೀ ಒಂದು ದಿನದ 28 ಲೀಟರ್ ಮುಟ್ಟದೆ ಎತ್ತಿಡಬೇಕು. ಒಟ್ಟು 112 ಲೀಟರ್, ಅಂದರೆ ಅಷ್ಟೇ ಕಿಲೋ ತೂಕ. ಇದು ಇಬ್ಬರು ದೊಡ್ಡವರ ತೂಕಕ್ಕೆ ಹತ್ತಿರ. ಐದು ಸೀಟಿನ ಕಾರಿನಲ್ಲಿ ಐದನೆಯವರಿಗೆ ಜಾಗ ಇರುವುದಿಲ್ಲ ಎಂಬುದು ಈ ಲೆಕ್ಕದಲ್ಲೇ ತಿಳಿಯುತ್ತದೆ. ನಿಮ್ಮ ಕಾರು ಒಟ್ಟು ಎಷ್ಟು ತೂಕ ಹೊರಬಹುದು ಎಂಬುದನ್ನು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ನೋಡಿಕೊಳ್ಳಿ.

ಈ ನೀರನ್ನು ದೊಡ್ಡಬಳ್ಳಾಪುರದಿಂದ ಹೊತ್ತೊಯ್ಯಬೇಕಿಲ್ಲ. ಖಾಲಿ ಕ್ಯಾನ್‌ಗಳನ್ನು ಒಯ್ದು, ಮರುಭೂಮಿಗೆ ಇಳಿಯುವ ಮುಂಚಿನ ಕೊನೆಯ ಊರಿನಲ್ಲಿ ತುಂಬಿಸಿಕೊಳ್ಳಿ. ಮನೆಗೆ ತರಿಸುವ 20 ಲೀಟರಿನ ಕ್ಯಾನ್‌ನ ಮುಚ್ಚಳ ಗುಂಡಿಗಳ ರಸ್ತೆಯಲ್ಲಿ ಬಿಚ್ಚಿಕೊಳ್ಳುತ್ತದೆ. ತಿರುಗಿಸಿ ಮುಚ್ಚುವ, 10 ಲೀಟರಿನ ಗಟ್ಟಿ ಕ್ಯಾನ್‌ಗಳು ಒಳ್ಳೆಯದು. ಒಂದು ಒಡೆದರೆ ಹತ್ತೇ ಲೀಟರ್ ಹೋಗುತ್ತದೆ. ಔಷಧಿ, ರಾಸಾಯನಿಕ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಬೇಡ. ನೀರಿನ ಭಾರ ಕಾರಿನ ಮೇಲೆ ಕ್ಯಾರಿಯರ್‌ನಲ್ಲಿ ಇರಬಾರದು, ಕೆಳಗೆ, ಸೀಟಿನ ಹಿಂದೆ ಇರಬೇಕು. ಭಾರ ಮೇಲಿದ್ದರೆ ತಿರುವಿನಲ್ಲಿ ಕಾರು ವಾಲುತ್ತದೆ.

ಒಂದು ಮಣ್ಣಿನ ಹೂಜಿಯನ್ನೂ ಬಟ್ಟೆ ಸುತ್ತಿ ಒಯ್ಯಿರಿ. ಹೂಜಿಯ ಹೊರಮೈಯಲ್ಲಿ ನೀರು ಜಿನುಗಿ ಆವಿಯಾಗುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ನಮ್ಮ ಊರಿಗಿಂತ ಜೈಸಲ್ಮೇರ್‌ನಲ್ಲಿ ಹೂಜಿಯ ನೀರು ಹೆಚ್ಚು ತಂಪು.

ನಂಬಿಕೆ: ನೀರು ಕಡಿಮೆಯಿದ್ದರೆ ಗುಟುಕು ಗುಟುಕಾಗಿ ಉಳಿಸಿಕೊಂಡು ಕುಡಿಯಬೇಕು.

ನಿಜ: ಬಾಯಾರಿದಾಗ ಬೇಕಾದಷ್ಟು ಕುಡಿಯಿರಿ. ಕ್ಯಾನ್‌ನಲ್ಲಿ ನೀರು ಉಳಿಸಿಟ್ಟು ಜ್ಞಾನ ತಪ್ಪಿ ಬಿದ್ದರೆ ಉಪಯೋಗವಿಲ್ಲ. ಉಳಿಸಬೇಕಾದದ್ದು ಬೆವರನ್ನು. ನೆರಳಿನಲ್ಲಿ ಕೂರುವುದು, ಹಗಲು ನಡೆಯದಿರುವುದು, ಮೈ ಮುಚ್ಚಿಕೊಳ್ಳುವುದು ಇವುಗಳಿಂದ ನೀರು ಉಳಿಯುತ್ತದೆ.

ನಂಬಿಕೆ: ಕಳ್ಳಿ ಗಿಡ ಕೊಯ್ದರೆ ಕುಡಿಯುವ ನೀರು ಸಿಗುತ್ತದೆ.

ನಿಜ: ಇದು ಸಿನಿಮಾದಿಂದ ಬಂದ ನಂಬಿಕೆ. ಸಿನಿಮಾದಲ್ಲಿ ಕಾಣುವ ಕ್ಯಾಕ್ಟಸ್ ಅಮೆರಿಕ ಖಂಡದ ಗಿಡ, ಅದರಲ್ಲೂ ಹೆಚ್ಚಿನವುಗಳ ರಸ ಕುಡಿದರೆ ವಾಂತಿಯಾಗುತ್ತದೆ. ನಮ್ಮ ಹೊಲದ ಬೇಲಿಯಲ್ಲಿ, ಥಾರ್‌ನ ಬಂಡೆಗಳ ಮೇಲೆ ಬೆಳೆಯುವ ಹಾಲುಗಳ್ಳಿ ಬೇರೆಯೇ ಜಾತಿ. ಅದರ ಹಾಲು ವಿಷ. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಎಕ್ಕದ ಹಾಲೂ ಅಷ್ಟೇ.

ನಂಬಿಕೆ: ಬೇರೆ ದಾರಿಯಿಲ್ಲದಿದ್ದರೆ ಮೂತ್ರ ಕುಡಿದು ಬದುಕಬಹುದು.

ನಿಜ: ನೀರು ಕಡಿಮೆಯಾದ ಮೈಯಿಂದ ಬರುವ ಮೂತ್ರದಲ್ಲಿ ಉಪ್ಪು ಮತ್ತು ಯೂರಿಯಾ ಹೆಚ್ಚು. ಅದನ್ನು ಮತ್ತೆ ಹೊರಹಾಕಲು ಮೂತ್ರಪಿಂಡಕ್ಕೆ ಇನ್ನಷ್ಟು ನೀರು ಬೇಕು. ಮೂತ್ರದಿಂದ ಆಗುವ ಉಪಯೋಗ ಒಂದೇ, ಬಣ್ಣ ನೋಡುವುದು. ತಿಳಿ ಹಳದಿಯಿದ್ದರೆ ಸರಿ, ಕಡು ಹಳದಿಯಿದ್ದರೆ ನೀರು ಸಾಲುತ್ತಿಲ್ಲ.

ಉಪ್ಪು, ಸಕ್ಕರೆ, ಓಆರ್‌ಎಸ್

ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆಸುತ್ತು, ವಾಂತಿ, ಗೊಂದಲ ಬರಬಹುದು. ಊಟ ಸರಿಯಾಗಿ ಮಾಡುತ್ತಿದ್ದರೆ ಉಪ್ಪು ಸಾಮಾನ್ಯವಾಗಿ ಅದರಲ್ಲೇ ಸಿಗುತ್ತದೆ. ಜೊತೆಗೆ ಒಬ್ಬರಿಗೆ ನಾಲ್ಕೈದು ಓಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಬೆರೆಸಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಂಡರೆ ಅಳತೆ ತಪ್ಪುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಂಗಡಿಯ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ಕೊಳ್ಳಬೇಡಿ. ಅವುಗಳಲ್ಲಿ ಸಕ್ಕರೆ ಹೆಚ್ಚು. ನಿಗದಿತ ಸೂತ್ರದಂತೆ ಇಲ್ಲದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರ್‌ನಲ್ಲಿ ಹೇಳಿದೆ.

ಊಟಕ್ಕೆ ಏನು?

ಒಲೆ ಹತ್ತದಿದ್ದರೂ ತಿನ್ನಬಹುದಾದದ್ದು ಇರಬೇಕು. ಈ ವಿಷಯದಲ್ಲಿ ನಮ್ಮ ಮನೆಗಳಲ್ಲೇ ಒಳ್ಳೆಯ ಸಾಮಾನಿದೆ. ರಾಗಿ ಹುರಿಹಿಟ್ಟು ಈಗಾಗಲೇ ಹುರಿದು ಬೀಸಿದ್ದು. ನೀರು, ಬೆಲ್ಲ ಕಲಸಿದರೆ ಊಟ ಆಯಿತು, ಕೆಡುವುದಿಲ್ಲ, ಹೊಟ್ಟೆ ತುಂಬಿಸುತ್ತದೆ. ಅವಲಕ್ಕಿ, ಕಡಲೆಬೀಜ, ಹುರಿಗಡಲೆ, ಬೆಲ್ಲ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇವೂ ಅಂಥವೇ. ಮೊಸರನ್ನ, ಬೇಯಿಸಿದ ಪಲ್ಯ ಹೊರಟ ದಿನಕ್ಕೆ ಮಾತ್ರ.

ಒಂದು ಎಚ್ಚರಿಕೆ. ನೀರು ನಿಜವಾಗಿಯೂ ಕಡಿಮೆ ಉಳಿದಿದ್ದರೆ ಉಪ್ಪು ಖಾರದ ಕುರುಕಲು ತಿನ್ನಬೇಡಿ, ಊಟವನ್ನೂ ಕಡಿಮೆ ಮಾಡಿ. ಅರಗಿಸಲು ಮತ್ತು ಹೆಚ್ಚಿನ ಉಪ್ಪನ್ನು ಹೊರಹಾಕಲು ಮೈಗೆ ನೀರು ಬೇಕು. ಒಂದೆರಡು ದಿನ ಊಟವಿಲ್ಲದೆ ಆರೋಗ್ಯವಂತರು ತಡೆಯಬಲ್ಲರು, ಬಿಸಿಲಿನಲ್ಲಿ ನೀರಿಲ್ಲದೆ ತಡೆಯಲಾರರು.

ಬಟ್ಟೆ: ಬಿಳಿಯೇ ಆಗಬೇಕೆ?

ಬಿಸಿಲಿಗೆ ಬಿಳಿ ಬಟ್ಟೆಯೇ ಸರಿ, ಕಪ್ಪು ಬೇಡ ಎನ್ನುವುದು ಎಲ್ಲರೂ ಹೇಳುವ ಮಾತು. ಹಾಗಾದರೆ ಮರುಭೂಮಿಯಲ್ಲೇ ಹುಟ್ಟಿ ಬೆಳೆದ ಬೆಡೂಯಿನ್ ಜನ ಕಪ್ಪು ನಿಲುವಂಗಿ ತೊಡುವುದೇಕೆ? ಇದನ್ನು ನೆಗೇವ್ ಮರುಭೂಮಿಯಲ್ಲಿ ಅಳೆದು ನೋಡಿದ ಸಂಶೋಧಕರು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರುವುದು ನಿಜ. ಆದರೆ ಬಟ್ಟೆ ಸಡಿಲವಾಗಿದ್ದಾಗ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗಿಬಿಡುತ್ತದೆ. ಕೊನೆಗೆ ಮೈಗೆ ತಾಗುವ ಶಾಖ ಎರಡರಲ್ಲೂ ಒಂದೇ.

ಇದರಿಂದ ನಾವು ತಿಳಿಯಬೇಕಾದದ್ದು, ಬಣ್ಣಕ್ಕಿಂತ ಸಡಿಲ ಮುಖ್ಯ ಎಂದು. ಮೈಗಂಟುವ ಟೀ ಶರ್ಟ್, ಚಡ್ಡಿಗಿಂತ ತುಂಬು ತೋಳಿನ ಸಡಿಲವಾದ ಹತ್ತಿ ಅಂಗಿ, ಸಡಿಲ ಪ್ಯಾಂಟ್ ಒಳ್ಳೆಯದು. ಮಗ್ಗದ ಊರಿನವರಿಗೆ ಬಟ್ಟೆಯ ವಿಷಯ ಹೇಳಿಕೊಡಬೇಕಾಗಿಲ್ಲ. ತೆಳು ನೇಯ್ಗೆಯ ಒಂದು ಹತ್ತಿ ಪಂಚೆ ಒಬ್ಬೊಬ್ಬರ ಬಳಿ ಇರಲಿ. ತಲೆಗೆ ಸುತ್ತಲು, ಧೂಳೆದ್ದಾಗ ಮೂಗು ಬಾಯಿ ಮುಚ್ಚಲು, ಒದ್ದೆ ಮಾಡಿ ಕತ್ತಿನ ಮೇಲೆ ಹಾಕಿಕೊಳ್ಳಲು, ಮುರಿದ ಕೈಗೆ ಜೋಲಿ ಕಟ್ಟಲು ಅದೊಂದೇ ಸಾಕು. ಅಂಚಿರುವ ಟೋಪಿ, ಕಪ್ಪು ಕನ್ನಡಕ, ಪಾದ ಮುಚ್ಚುವ ಶೂ ಮರೆಯಬೇಡಿ.

ನಂಬಿಕೆ: ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ.

ನಿಜ: ಜೇಬಿನ ಈರುಳ್ಳಿ ಮೈಯ ಶಾಖವನ್ನು ಇಳಿಸಲು ಯಾವ ದಾರಿಯೂ ಇಲ್ಲ. ಈರುಳ್ಳಿಯನ್ನು ಊಟಕ್ಕೆ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ಗೊಂದಲಗೊಂಡರೆ, ಕುಸಿದರೆ ಅದು ಶಾಖಾಘಾತ ಎಂದೇ ತಿಳಿದು ತಕ್ಷಣ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ. ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಎತ್ತಿಟ್ಟ 28 ಲೀಟರ್ ನೀರನ್ನು ಮುಟ್ಟಬೇಕಾದ ಗಳಿಗೆ ಇದೇ.

ರಾತ್ರಿ ಅಷ್ಟು ಚಳಿ ಏಕೆ?

ಹಗಲು ನೆಲ ಹೀರಿದ ಶಾಖ ರಾತ್ರಿ ಆಕಾಶಕ್ಕೆ ಹೊರಡುತ್ತದೆ. ನಮ್ಮಲ್ಲಿ ಮೋಡ ಮತ್ತು ಗಾಳಿಯ ತೇವ ಅದರಲ್ಲಿ ಒಂದು ಪಾಲನ್ನು ತಡೆದು ಹಿಂದಕ್ಕೆ ಕಳಿಸುತ್ತವೆ. ಮರುಭೂಮಿಯಲ್ಲಿ ಆ ಹೊದಿಕೆ ಇಲ್ಲ. ಒಣ ಮರಳು ಶಾಖವನ್ನು ಆಳಕ್ಕೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಮೇಲ್ಪದರ ಬೇಗ ಕಾದು ಬೇಗ ಆರುತ್ತದೆ. ಜನವರಿಯಲ್ಲಿ ಜೈಸಲ್ಮೇರ್‌ನ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಅದೇ ರಾಜ್ಯದ ಚೂರುವಿನಲ್ಲಿ ಕೆಲವು ರಾತ್ರಿ ಶೂನ್ಯಕ್ಕಿಂತಲೂ ಕೆಳಗೆ ಹೋಗುತ್ತದೆ.

ಹೊದಿಯುವುದಕ್ಕಿಂತ ಹಾಸುವುದು ಮುಖ್ಯ. ತಣ್ಣನೆಯ ನೆಲ ಬೆನ್ನಿನಿಂದ ಶಾಖ ಎಳೆದುಕೊಳ್ಳುತ್ತದೆ, ಮೈಭಾರಕ್ಕೆ ಅಮುಕಿದ ಹೊದಿಕೆ ಅದನ್ನು ತಡೆಯುವುದಿಲ್ಲ. ಒಂದು ದಪ್ಪ ಫೋಮ್ ಚಾಪೆ, ಅದರ ಮೇಲೆ ಕುರಿ ಉಣ್ಣೆಯ ಕಂಬಳಿ, ಹೊದೆಯಲು ಇನ್ನೊಂದು. ಜೊತೆಗೆ ಸ್ವೆಟರ್, ಉಣ್ಣೆ ಟೋಪಿ, ಕಾಲುಚೀಲ. ಬೆವರಿದ ಅಂಗಿಯಲ್ಲೇ ಮಲಗಬೇಡಿ, ಒಣ ಬಟ್ಟೆಗೆ ಬದಲಿಸಿ.

ನಂಬಿಕೆ: ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ.

ನಿಜ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬೆಚ್ಚನೆಯ ರಕ್ತ ಚರ್ಮಕ್ಕೆ ಬಂದು ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಮೈ ಒಳಗಿನ ಶಾಖ ಹೊರಗೆ ಹೋಗುತ್ತದೆ. ಮೂತ್ರ ಹೆಚ್ಚಾಗಿ ನೀರೂ ನಷ್ಟ. ನಮ್ಮ ದಾರಿಯಲ್ಲಿರುವ ಗುಜರಾತಿನಲ್ಲಿ ಪಾನನಿಷೇಧವಿದೆ. ಪರ್ಮಿಟ್ ಇಲ್ಲದೆ ಡಿಕ್ಕಿಯಲ್ಲಿ ಬಾಟಲಿ ಸಿಕ್ಕರೂ ಅಪರಾಧ.

ಇನ್ನೊಂದು ತಪ್ಪು, ಕೆಂಡದ ಬಾಣಲೆಯನ್ನು ಟೆಂಟ್‌ ಒಳಗೆ ಇಟ್ಟು ಮಲಗುವುದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಕಿಟಕಿ ಮುಚ್ಚಿದ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಮಲಗುವುದೂ ಹೀಗೆಯೇ ಅಪಾಯ.

ಕಾರಿಗೆ ಏನು ಬೇಕು?

ನಂಬಿಕೆ: ಬಿಸಿಲಿನಲ್ಲಿ ಗಾಳಿ ಹಿಗ್ಗುತ್ತದೆ, ಹಾಗಾಗಿ ದೂರದ ಪ್ರಯಾಣಕ್ಕೆ ಟೈರಿಗೆ ಗಾಳಿ ಕಡಿಮೆ ಹಾಕಿಸಬೇಕು.

ನಿಜ: ಹೆದ್ದಾರಿಯಲ್ಲಿ ಇದು ತಿರುಗುಬಾಣ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿ ಕಾಯುತ್ತದೆ, ಸಿಡಿಯುವುದು ಅದರಿಂದಲೇ. ಕಂಪನಿ ಹೇಳಿದಷ್ಟು ಗಾಳಿಯನ್ನು, ಟೈರ್ ತಣ್ಣಗಿರುವಾಗ, ಹಾಕಿಸಿ.

ಗಾಳಿ ಇಳಿಸಬೇಕಾದದ್ದು ಮರಳಿನಲ್ಲಿ ಮಾತ್ರ. ಸಾಮಾನ್ಯವಾಗಿ 32-33 ಪಿಎಸ್‌ಐ ಇರುವ ಟೈರನ್ನು 18-20ಕ್ಕೆ ಇಳಿಸಿದರೆ ಅದು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ, ಮರಳಿನಲ್ಲಿ ಹೂಳುವುದಿಲ್ಲ. ಒಂಟೆಯ ಅಗಲ ಪಾದ ಮಾಡುವ ಕೆಲಸವೂ ಇದೇ. ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಆದ್ದರಿಂದ ಕಾರಿನ ಪಾಯಿಂಟಿನಿಂದ ನಡೆಯುವ ಚಿಕ್ಕ ಕಂಪ್ರೆಸರ್ ಮತ್ತು ಪ್ರೆಷರ್ ಗೇಜ್ ಬೇಕೇ ಬೇಕು.

ಉಳಿದದ್ದು: ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ಜಾಕ್ ಮರಳಿನಲ್ಲಿ ಇಳಿಯದಂತೆ ಅಡಿಗಿಡಲು ಒಂದು ಅಗಲವಾದ ಹಲಗೆ, ಸಲಿಕೆ, ನಾಲ್ಕು ಗೋಣಿಚೀಲ, ಎಳೆಯುವ ಹಗ್ಗ, ಪಂಕ್ಚರ್ ಕಿಟ್, ಜಂಪರ್ ಕೇಬಲ್, ಕೂಲೆಂಟ್. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತುತ್ತಾ ಹೋಗಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಚಕ್ರದ ಮುಂದಿನ ಮರಳು ತೆಗೆದು, ಗೋಣಿಚೀಲ ಹಾಸಿ, ನಿಧಾನವಾಗಿ ಹೊರತನ್ನಿ. ಬಿಸಿಯಾದ ರೇಡಿಯೇಟರ್ ಮುಚ್ಚಳವನ್ನು ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇಂಧನ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ಸಿಕ್ಕಿದ ಬಂಕ್‌ನಲ್ಲಿ ತುಂಬಿಸುತ್ತಾ ಹೋಗಿ. ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ಪೆಟ್ರೋಲ್ ಹಾಕಿ ಸೀಟಿನ ಬಳಿ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ಈ ಇಡೀ ಪ್ರವಾಸದಲ್ಲಿ ಮರಳಿಗಿಂತ 2,000 ಕಿಲೋಮೀಟರ್ ಹೆದ್ದಾರಿಯ ನಿದ್ದೆ ದೊಡ್ಡ ಅಪಾಯ. ಇಬ್ಬರು ಚಾಲಕರಿರಲಿ, ರಾತ್ರಿ ಓಡಿಸುವುದು ಬೇಡ. ಹೋಗುವುದಕ್ಕೇ ನಾಲ್ಕು ದಿನ ಇಟ್ಟುಕೊಳ್ಳಿ.

ದಾರಿ, ಫೋನು, ಅನುಮತಿ

ಸಿಗ್ನಲ್ ಇಲ್ಲದೆಯೂ ತೆರೆಯುವಂತೆ ಆ ಜಿಲ್ಲೆಯ ನಕ್ಷೆಯನ್ನು ಎರಡು ಫೋನ್‌ಗಳಲ್ಲಿ ಮೊದಲೇ ಇಳಿಸಿಕೊಳ್ಳಿ, ಕಾಗದದ ನಕ್ಷೆಯೂ ಇರಲಿ. ಬೇರೆ ಬೇರೆ ಕಂಪನಿಯ ಸಿಮ್‌ಗಳು, ಪವರ್ ಬ್ಯಾಂಕ್, ಟಾರ್ಚ್, ಸೀಟಿ, ಚಿಕ್ಕ ಕನ್ನಡಿ ಇಟ್ಟುಕೊಳ್ಳಿ. ಕನ್ನಡಿಯಿಂದ ಬಿಸಿಲು ಮಿಂಚಿಸಿದರೆ ಬಹು ದೂರಕ್ಕೆ ಕಾಣುತ್ತದೆ. ತುರ್ತು ಸಂಖ್ಯೆ 112.

ವಿದೇಶದಲ್ಲಿರುವ ನೆಂಟರು ಉಪಗ್ರಹ ಫೋನ್ ಅಥವಾ ಉಪಗ್ರಹ ಸಂದೇಶದ ಸಾಧನ ತಂದುಕೊಡುತ್ತೇವೆ ಎಂದರೆ ಬೇಡ ಎನ್ನಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಅವನ್ನು ಇಟ್ಟುಕೊಳ್ಳುವುದು ಅಪರಾಧ. ಅದೂ ಗಡಿ ಜಿಲ್ಲೆಯಲ್ಲಿ. ಜೈಸಲ್ಮೇರ್, ಬಾಡ್ಮೇರ್‌ನ ಗಡಿ ಪಕ್ಕದ ಹಳ್ಳಿಗಳಿಗೆ ಹೊರಗಿನವರು ಹೋಗಲು ಜಿಲ್ಲಾಡಳಿತದ ಅನುಮತಿ ಬೇಕು. ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಳ್ಳಾರಿ ಕಡೆಯವರು ಎರ್ಲಡ್ಡು ಎನ್ನುವ, ಅಳಿವಿನಂಚಿನ ಹಕ್ಕಿಯ ಕೊನೆಯ ನೆಲೆಗಳಲ್ಲಿ ಅದೂ ಒಂದು. ಮನಸ್ಸು ಬಂದಲ್ಲಿ ಟೆಂಟ್ ಹಾಕುವಂತಿಲ್ಲ. ಗುರುತಿನ ಚೀಟಿ, ವಾಹನದ ಕಾಗದಗಳು ಕೈಗೆ ಸಿಗುವಂತಿರಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದಕ್ಕೆ ದುಡ್ಡು ಬೇಕಿಲ್ಲ. ಯಾವ ದಾರಿ, ಎಲ್ಲಿ ತಂಗುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಯಾರಿಗೆ ತಿಳಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಒಬ್ಬರಿಗೆ, ಕೊನೆಯ ಊರಿನಲ್ಲಿ ತಂಗಿದ ಕಡೆ ಒಬ್ಬರಿಗೆ ಕೊಡಿ. ಕಾರು ನಿಂತರೆ ಅದನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಆದರೆ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಕೂರಬೇಡಿ, ಕಾರಿಗೆ ಟಾರ್ಪಾಲ್ ಕಟ್ಟಿ ಅದರ ನೆರಳಿನಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಸೀಟು ಅಥವಾ ಚೀಲದ ಮೇಲೆ ಕೂರಿ.

ಹಾವು, ಚೇಳು, ಔಷಧಿ

ಥಾರ್‌ನಲ್ಲಿ ಗರಗಸ ಮಂಡಲ ಮತ್ತು ಕಟ್ಟುಹಾವಿನ ಜಾತಿಗಳಿವೆ. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿ ನೆಲದ ಮೇಲೆ ಮಲಗಿದವರಿಗೆ, ಕಚ್ಚಿದ ನೋವೂ ಹೆಚ್ಚಿರುವುದಿಲ್ಲ. ಬಯಲಿನಲ್ಲಿ ಮಲಗುವುದಾದರೆ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಒಳ್ಳೆಯ ರಕ್ಷಣೆ. ಟೆಂಟಿನ ಜಿಪ್ ಸದಾ ಮುಚ್ಚಿರಲಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬೇಡಿ. ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳು ಕೂತಿರಬಹುದು.

ಹಾವು ಕಚ್ಚಿದರೆ ಕೊಯ್ಯುವುದು, ಬಾಯಲ್ಲಿ ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಕಟ್ಟಿ ನೇರ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾಜಸ್ಥಾನದ ಕೆಲವು ಹಾವುಗಳ ವಿಷದ ಮೇಲೆ ನಮ್ಮಲ್ಲಿ ಸಿಗುವ ಪ್ರತಿವಿಷ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಎಂದು ಕಂಡುಬಂತು. ಹಾಗೆಂದು ಪ್ರತಿವಿಷ ಬೇಡವೆಂದಲ್ಲ, ನಮಗಿರುವ ಚಿಕಿತ್ಸೆ ಅದೇ. ಹಾಗಾಗಿ ಬೇಗ ಮುಟ್ಟುವುದು ಇನ್ನೂ ಮುಖ್ಯ. ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ ಎಂದು ಹೊರಡುವ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿ.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಇನ್ಸುಲಿನ್ ಅನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬಾರದು, ಶಾಖಕ್ಕೆ ಅದು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಪಾತ್ರೆಯಲ್ಲಿ ನೆರಳಿನಲ್ಲಿಡಿ.

ಕೊನೆಯದಾಗಿ, ಹೊರಡುವ ಹಿಂದಿನ ದಿನ

ಸಾಮಾನೆಲ್ಲ ಕಾರಿಗೆ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿ. ಮನೆಯಂಗಳದಲ್ಲೋ ಊರ ಹೊರಗಿನ ಬಯಲಲ್ಲೋ ಕಾರು ನಿಲ್ಲಿಸಿ, ಕೀಲಿ ಪಕ್ಕಕ್ಕಿಟ್ಟು, ಫೋನ್ ಬಂದ್ ಮಾಡಿ, ಒಬ್ಬೊಬ್ಬರೂ ಈ ಆರು ಪ್ರಶ್ನೆಗೆ ಉತ್ತರ ಹೇಳಿ.

1. ಮುಟ್ಟದೆ ಎತ್ತಿಟ್ಟ ನೀರು ಎಲ್ಲಿದೆ, ಎಷ್ಟಿದೆ?
2. ಎಂಜಿನ್ ಇಲ್ಲದೆ ನೆರಳು ಹೇಗೆ ಮಾಡುತ್ತೀರಿ?
3. ಒಲೆಯಿಲ್ಲದೆ ಏನು ತಿನ್ನುತ್ತೀರಿ?
4. ಬೆನ್ನಡಿಗೆ ಹಾಸಲು ಎಲ್ಲರಿಗೂ ಇದೆಯೇ?
5. ಹೂತ ಚಕ್ರ ಎತ್ತಲು ಸಲಿಕೆ, ಹಲಗೆ, ಗೋಣಿಚೀಲ ಕೈಗೆ ಸಿಗುತ್ತವೆಯೇ, ಅಥವಾ ಎಲ್ಲ ಚೀಲಗಳ ಅಡಿಯಲ್ಲಿವೆಯೇ?
6. ನೀವು ನಾಳೆ ಸಂಜೆ ಫೋನ್ ಮಾಡದಿದ್ದರೆ ಅದು ಯಾರಿಗೆ ಗೊತ್ತಾಗುತ್ತದೆ?

ಆರಕ್ಕೂ ಉತ್ತರ ಇದ್ದರೆ ಹೊರಡಿ. ಒಂದಕ್ಕೆ ಇಲ್ಲದಿದ್ದರೂ ಅದನ್ನು ಸರಿಮಾಡಿಕೊಂಡು ಮರುದಿನ ಹೊರಡಿ. ಮರಳ ದಿಬ್ಬ ಒಂದು ದಿನದಲ್ಲಿ ಎಲ್ಲಿಗೂ ಹೋಗುವುದಿಲ್ಲ.